ಲೇಸರಿನ ಬಣ್ಣ ಬದಲಾಗತೈತೇನ್ರಿ?

ಕೊಡೆ ರಿಪೇರಿ ಮಾಡುವವನಿಗೆ ಮಳೆ ನಿಲ್ಲಿಸು ಎಂದು ಯಾರೂ ಹೇಳುವುದಿಲ್ಲ. ಗಡಿಯಾರ ರಿಪೇರಿ ಮಾಡುವವನಿಗೆ ಸಂಜೆಯನ್ನು ಸ್ವಲ್ಪ ಮುಂದೆ ಹಾಕು ಎಂದು ಯಾರೂ ಗಂಟುಬೀಳುವುದಿಲ್ಲ. ಆದರೆ ಲೇಸರ್ ಲೈಟು ಹೊತ್ತುಕೊಂಡು ತಿರುಗುವವನನ್ನು ಕಂಡರೆ ಸಾಕು, ಚಿಕ್ಕೋಡಿಯಿಂದ ಕಾಗವಾಡದವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಇದರ ಬಣ್ಣ ಬದಲಾಗತೈತೇನ್ರಿ?"

ನನಗೆ ಈ ಕೆಲಸ ಕಲಿಸಿದ ಮಿರಜಿನ ಮಾಲೀಕರು ಮೊದಲ ದಿನವೇ ಎಚ್ಚರಿಸಿದ್ದರು. "ಬೆಳಕ ಕೊಡೂ ಡಯೋಡ್ ಅಂದ್ರ ಒಂದ ಕಡ್ಲಿಕಾಳಿನಷ್ಟ ಇರತೈತಿ. ಅದರೊಳಗ ಏನ್ ಹಾಕಿ ಮಾಡಿರತಾರ, ಆ ಬಣ್ಣಾನ ಕೊಡತೈತಿ. ಕೆಂಪಂದ್ರ ಕೆಂಪು, ಹಸರಂದ್ರ ಹಸರು. ಮಂದಿ ಬದಲ್ ಮಾಡು ಅಂತಾರ. ಕೈ ಮುಗದು ಆಗೂದಿಲ್ರಿ ಅನ್ನು, ಮುಂದಿನ ಊರಿಗೆ ಹೋಗು."

ಕೈ ಮುಗಿಯುವುದು ನನಗೆ ಬೇಗ ಬಂತು. ಮುಂದಿನ ಊರಿಗೆ ಹೋಗುವುದಂತೂ ಹುಟ್ಟಿದಾಗಿನಿಂದ ಬರುತ್ತಿತ್ತು. ಆದರೆ ಮುಂದಿನ ಊರಿನವರೂ ಅದನ್ನೇ ಕೇಳುತ್ತಿದ್ದರು.

೧. ಅಕ್ಕ ತಂದ ಕರಾರು

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಮಾಸ್ತರರು ಬೋರ್ಡಿನ ಕಡೆ ತಿರುಗಿದರು, ನಾನು ಬಾಗಿಲ ಕಡೆ ತಿರುಗಿದೆ. ಆಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಸೀನುತ್ತ ಚೀಲ ಹೊತ್ತೆ, ಬೆಲ್ಲದ ಗಾಣದಲ್ಲಿ ಕೊಪ್ಪರಿಗೆ ತಿರುವಿದೆ, ಅಥಣಿಯಲ್ಲಿ ಚಪ್ಪಲಿ ಹೊಲಿದೆ, ಕಬ್ಬಿನ ಟ್ರ್ಯಾಕ್ಟರ್ ಓಡಿಸಿದೆ. ಯಾವ ಕೆಲಸವನ್ನೂ ಸಿಟ್ಟು ಮಾಡಿಕೊಂಡು ಬಿಟ್ಟಿದ್ದಲ್ಲ. ರಸ್ತೆ ಕಂಡರೆ ನನ್ನ ಕಾಲು ತುರಿಸುತ್ತವೆ. ಅಷ್ಟೇ ಕಾರಣ.

ಮದುವೆ ಮೆರವಣಿಗೆಗಳಿಗೆ ಲೇಸರ್ ಲೈಟು ಹಾಕುವ ಕೆಲಸಕ್ಕೆ ಸೇರಿದ್ದೂ ಅದು ಊರೂರು ತಿರುಗಿಸುತ್ತದೆ ಎಂಬ ಆಸೆಗೆ. ಹಾಗೆ ತಿರುಗುತ್ತ ಅಥಣಿ ತಾಲೂಕಿನ ಅನಂತಪುರದ ಒಂದು ಮದುವೆಗೆ ಹೋಗಿದ್ದೆ. ಲೈಟು ಹಚ್ಚಿ, ಹಲಗೆ ಬಾರಿಸುವವರ ಹಿಂದೆ ನಿಂತಿದ್ದೆ. ಗುಂಪಿನಿಂದ ಒಬ್ಬ ಹುಡುಗಿ ನೆಟ್ಟಗೆ ನನ್ನ ಹತ್ತಿರ ಬಂದಳು. "ನಿಮ್ಮ ಲೈಟ್ ಮಂದಿ ಕಣ್ಣಿಗೆ ಬಡ್ಯಾಕತ್ತೈತಿ. ಕಣ್ಣ ಹೋಗತಾವು. ಮ್ಯಾಲ ಎತ್ರಿ."

ನಾನು ಎತ್ತಿದೆ. ಯಾರು ಏನು ಹೇಳಿದರೂ ತಿರುಗಿ ಎರಡು ಮಾತು ಆಡುವ ಚಟ ನನ್ನದು. ಆವತ್ತು ಎರಡು ಮಾತಿನ ಬದಲು ಲೈಟಿನ ಸ್ಕ್ರೂ ಬಿಗಿ ಮಾಡಿದೆ. ವಿಚಾರಿಸಿದಾಗ ಗೊತ್ತಾಯಿತು, ಆಕೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು.

ಚಿಕ್ಕೋಡಿಗೆ ಬಂದು, ಮದುವೆಯಾದರೆ ಆಕೆಯನ್ನೇ ಎಂದು ಅಕ್ಕನಿಗೆ ಹೇಳಿದೆ. ನನಗೆ ತಂದೆ ತಾಯಿ ಇಲ್ಲ, ಇರುವುದು ಅಕ್ಕನೊಬ್ಬಳು. ಅವಳು ಯಾರಿಂದಲೋ ಯಾರಿಗೋ ಹೇಳಿಸಿ ಅನಂತಪುರದ ಮನೆಗೆ ಮಾತು ಮುಟ್ಟಿಸಿದಳು. ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆವು. ಹುಡುಗಿ, "ಹೇಳಿದ ಕೂಡ್ಲೆ ಲೈಟ್ ಎತ್ತಿದ್ರು. ವಾದಾ ಮಾಡ್ಲಿಲ್ಲ," ಎಂದಳಂತೆ. ಅವಳ ಅಪ್ಪ ಮಾತ್ರ ಒಂದು ಕರಾರು ಹಾಕಿದರು.

ಅಕ್ಕ ಅದನ್ನು ಒಲೆ ಊದುತ್ತ ನನಗೆ ಒಪ್ಪಿಸಿದಳು: "ನಿನ್ನ ಕೆಲಸದ ಕತಿ ಎಲ್ಲಾ ಅವರಿಗೆ ಗೊತ್ತಾಗೇತಿ. ದೀಪಾವಳಿಯಿಂದ ಯುಗಾದಿತನಾ ಇದ ಕೆಲಸದಾಗ ಇದ್ರ ಮುಂದಿನ ಮಾತಂತ. ನಡುವ ಬಿಟ್ರ ಅವರ ಮನಿ ಹೊಚ್ಚಲಾನೂ ತುಳಿಬಾರದಂತ."

"ಇಷ್ಟನಾ? ಸಸಾರ ಐತಿ ಬಿಡು," ಎಂದೆ.

ಅಕ್ಕ ಊದುವ ಕೊಳವೆ ಕೆಳಗಿಟ್ಟಳು. "ನೀ ಇಲ್ಲೀಮಟಾ ಒಂದ ಕಡೆ ಕೂತ ಪೂರ್ತಿ ಊಟಾನ ಮಾಡಿಲ್ಲೋ ತಮ್ಮಾ. ಈಗೂ ತಾಟ ಹಿಡಕೊಂಡ ಅಂಗಳದಾಗ ಅಡ್ಡಾಡಾಕತ್ತಿ."

೨. ಮಿಕ್ಸ್ ಮಾಲು

ದೀಪಾವಳಿ ಮುಗಿದು ತುಳಸಿ ಲಗ್ನ ಆಗುತ್ತಲೇ ಮದುವೆಗಳು ಶುರುವಾದವು. ಮೊದಲನೆಯದೇ ನಿಪ್ಪಾಣಿಯಲ್ಲಿ. ವರನ ಸೋದರಮಾವ ತಂಬಾಕಿನ ವ್ಯಾಪಾರಿ. ಅವರಿಗೆ ಬೆಳಕು ಅರಿಶಿನದ ಬಣ್ಣದ್ದೇ ಬೇಕು. ಹಳದಿ ಡಯೋಡು ನನ್ನ ಮಷಿನ್ನಿನಲ್ಲಿ ಇಲ್ಲ. ಇರುವುದು ಕೆಂಪು, ಹಸಿರು, ನೀಲಿ. ಕೆಂಪನ್ನೂ ಹಸಿರನ್ನೂ ಒಂದರ ಮೇಲೊಂದು ಬಿಟ್ಟರೆ ಕಣ್ಣಿಗೆ ಹಳದಿ ಕಾಣುತ್ತದೆ. ಹಾಗೇ ಬಿಟ್ಟೆ. ಚೌಕಿನ ಇಡೀ ಗೋಡೆ ಅರಿಶಿನ ಹಚ್ಚಿದ ಮದುಮಗಳಂತಾಯಿತು.

ಎಲ್ಲರೂ ಮೆಚ್ಚಿದರು. ಸೋದರಮಾವ ಮೆಚ್ಚಲಿಲ್ಲ. ಗೋಡೆಯ ಹತ್ತಿರ ಹೋದರು. ತಂಬಾಕಿನ ಎಲೆ ನೋಡುವಂತೆ ಕಣ್ಣು ಕಿರಿದು ಮಾಡಿ ಗೆರೆಯ ಅಂಚು ನೋಡಿದರು. ನಮ್ಮ ಮಷಿನ್ನು ಹಳೆಯದು. ಎರಡು ಬೆಳಕು ಕೂದಲಿನಷ್ಟು ಹಿಂದೆ ಮುಂದೆ ಬೀಳುತ್ತವೆ.

"ಏನೋ ಇದು? ಈ ಅಂಚಿನಾಗ ಕೆಂಪು, ಆ ಅಂಚಿನಾಗ ಹಸರು. ನಡುವ ಅಷ್ಟ ಹಳದಿ."

"ಎರಡೂ ಕೂಡಿದ್ರ ಹಳದಿ ಆಗತೈತ್ರಿ ಮಾಮಾ."

"ಅಂದ್ರ ಮಿಕ್ಸ್ ಮಾಲು. ನಮಗ ಅಸಲಿ ಬೇಕು. ಒಂದ ಡಯೋಡಿನಿಂದ ಹಳದಿ ಬಿಡು."

"ಒಂದ ಡಯೋಡು ಒಂದ ಬಣ್ಣಾರೀ. ಕೆಂಪಿದ್ದದ್ದು ಹಳದಿ ಆಗೂದಿಲ್ಲ."

ಮೆರವಣಿಗೆ ಚೌಕಿನಿಂದ ಮದುವೆ ನಡೆಯುವ ಮಂಗಲ ಕಾರ್ಯಾಲಯ ಮುಟ್ಟುವವರೆಗೂ ಅವರು ನನ್ನ ಬೆನ್ನು ಬಿಡಲಿಲ್ಲ. ಹೆಜ್ಜೆಗೊಮ್ಮೆ ಬೀಗರನ್ನು ಕರೆದು, "ನೋಡ್ರಿ, ಮಿಕ್ಸ್ ಮಾಲು," ಎಂದು ಗೋಡೆ ತೋರಿಸುತ್ತಿದ್ದರು. ನನಗೂ ಸಾಕಾಯಿತು. "ಮಾಮಾ, ನಾನೂ ನಿಪ್ಪಾಣಿ ವಖಾರಿಯೊಳಗ ಚೀಲಾ ಹೊತ್ತೇನ್ರಿ. ತಂಬಾಕಿನಾಗ ಯಾರೂ ಮಿಕ್ಸ್ ಮಾಡೂದಿಲ್ಲೇನ್ರಿ?"

ಅವರು ಸುತ್ತ ನೋಡಿದರು. ಬೀಗರು ಮುಂದೆ ಹೋಗಿದ್ದರು. ನನ್ನ ಹೆಗಲ ಮೇಲೆ ಕೈ ಹಾಕಿ, ಬುದ್ಧಿ ಹೇಳುವ ದನಿಯಲ್ಲಿ ಅಂದರು: "ಮಾಡತೀವಿ. ಆದ್ರ ಹೀಂಗ ಕಾಣೂಹಂಗ ಮಾಡೂದಿಲ್ಲ."

೩. ದೇವರ ಕೋಣೆಯ ಗೆರೆ

ಚಿಕ್ಕೋಡಿ ಹತ್ತಿರದ ಕಬ್ಬೂರಿನಲ್ಲಿ ಒಬ್ಬರು ಮನೆ ಕಟ್ಟಿಸುತ್ತಿದ್ದರು. ನೌಕರಿಯಿಂದ ನಿವೃತ್ತರಾದ ಸಾಹೇಬರು. ಗಾರೆ ಕೆಲಸ ಮಾಡುವ ಗೌಂಡಿ ನನ್ನ ಗೆಳೆಯ. ಈಗ ಗೌಂಡಿಗಳ ಕೈಯಲ್ಲೂ ಲೇಸರ್ ಬಂದಿದೆ. ಚಿಕ್ಕ ಡಬ್ಬಿ, ಗೋಡೆ ಮೇಲೆ ನೆಟ್ಟಗೆ ಒಂದು ಕೆಂಪು ಗೆರೆ ಎಳೆಯುತ್ತದೆ, ಅದಕ್ಕೆ ಸರಿಯಾಗಿ ಫರಸಿ ಕಲ್ಲು ಕೂಡಿಸುತ್ತಾರೆ. ಗೆಳೆಯ ಫೋನ್ ಮಾಡಿದ: "ಬಂದ ಹೋಗಲೇ. ಸಾಹೇಬ್ರು ಗೆರಿ ಮ್ಯಾಲ ಕುಂತಾರ."

ಹೋದೆ. ಸಾಹೇಬರು ದೇವರ ಕೋಣೆಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡಿದ್ದರು. "ದೇವರ ಕ್ವಾಲ್ಯಾಗ ಕೆಂಪು ಗೆರಿ ಅಶುಭ. ನೀವು ಲೇಸರಿನವರಂತಲ್ಲ, ಇದನ್ನ ಹಸರು ಮಾಡಿಕೊಡ್ರಿ. ಬ್ಯಾರೆ ಕ್ವಾಲಿಗೆ ಕೆಂಪ ಇರ್ಲಿ, ನಂದೇನ ತಕರಾರಿಲ್ಲ."

ನಾನು ಕೈ ಮುಗಿದೆ. ಸಾಹೇಬರು ಕೈ ಮುಗಿದವರನ್ನು ಜೀವಮಾನವಿಡೀ ನೋಡಿದವರು, ಕರಗಲಿಲ್ಲ. ಒಳಗೆ ಹೋಗಿ ಉಡುಗೊರೆಗೆ ಸುತ್ತಿದ್ದ ಹಸಿರು ಪಾರದರ್ಶಕ ಹಾಳೆ ತಂದರು. "ಇದನ್ನ ನಾಲ್ಕ ಪದರ ಮಡಚಿ ಮುಂದ ಕಟ್ರಿ. ಹಸರು ಹಾಳಿಯಿಂದ ಹಾದು ಬಂದ್ರ ಹಸರ ಬರಬೇಕಲಾ?"

"ಬರೂದಿಲ್ಲ ಸರ್. ಹಸರು ಹಾಳಿ ಕೆಂಪು ಬೆಳಕ ಬಿಡೂದಿಲ್ಲ."

"ಕಟ್ರಿ ಮೊದ್ಲ."

ಕಟ್ಟಿದೆ. ಗೋಡೆ ಮೇಲೆ ಇದ್ದ ಗೆರೆ ಪೂರಾ ಮಾಯವಾಯಿತು. ಸಾಹೇಬರ ಮುಖ ಅರಳಿತು. ಎದ್ದು ಕುರ್ಚಿ ಸರಿಸಿ, "ಅಶುಭ ಹೋತು ನೋಡ್ರಿ," ಎಂದರು.

ಗೌಂಡಿ ಕರಣಿ ಹಿಡಿದು ಬರಿ ಗೋಡೆ ನೋಡುತ್ತ ನಿಂತಿದ್ದ. "ಸರ, ಗೆರಿನೂ ಹೋತ್ರಿ."

"ಹೋಗ್ಲಿ. ನಿಮ್ಮ ಅಜ್ಜ ಯಾವ ಲೇಸರ್ ಹಚ್ಚಿ ಕಟ್ಟತಿದ್ದಾ? ದಾರಾ ಕಟ್ಟು."

ದಾರದಲ್ಲೇ ಕೆಲಸ ನಡೆಯಿತು. ಸಾಹೇಬರು ಮಾತ್ರ ಕೋಣೆ ಮುಗಿಯುವವರೆಗೂ ಆ ಡಬ್ಬಿಯನ್ನು ಆರಿಸಗೊಡಲಿಲ್ಲ. ಹಸಿರು ಹಾಳೆ ಸುತ್ತಿಕೊಂಡು ಅದು ಮೂಲೆಯಲ್ಲಿ ಉರಿಯುತ್ತಲೇ ಇತ್ತು. ಬಂದವರಿಗೆಲ್ಲ ಹೇಳುತ್ತಿದ್ದರಂತೆ: "ಕಾಣೂದಿಲ್ಲ ಖರೆ, ಲೇಸರ್ ಹಚ್ಚೇ ಕೂಡಸ್ಯಾರ."

೪. ಸಿಗ್ನಲ್ ಕಲಿತ ಕುದುರೆ

ರಾಯಬಾಗದಲ್ಲಿ ಒಂದು ಮೆರವಣಿಗೆ. ವರ ಕುದುರೆ ಮೇಲೆ. ಕುದುರೆಯವನು ಸಾಂಗಲಿಯಿಂದ ಬಂದಿದ್ದ. ನನ್ನ ಲೈಟು ಮುಂದಿನ ಟೆಂಪೋದ ಮೇಲೆ, ಆಕಾಶದ ಕಡೆ ಎತ್ತಿ ಕಟ್ಟಿತ್ತು. ಈಗ ನಾನು ಯಾರ ಕಣ್ಣಿಗೂ ಬಡಿಯಗೊಡುವುದಿಲ್ಲ. ಕೆಂಪು ಬಿಟ್ಟೆ, ಕುದುರೆ ನಿಂತಿತು. ಜಗ್ಗಿದರು, ತಳ್ಳಿದರು, ಬೆಲ್ಲ ತೋರಿಸಿದರು. ಜಪ್ಪಯ್ಯ ಅನ್ನಲಿಲ್ಲ.

ಕುದುರೆಯವನು ನನ್ನ ಹತ್ತಿರ ಬಂದ. "ಅಣ್ಣಾ, ಅದರ ಬಣ್ಣ ಬದಲಾಗತೈತೇನು? ನಮ್ಮ ಕುದುರಿ ಸಾಂಗಲಿಯೊಳಗ ಟಾಂಗಾ ಎಳದೈತಿ. ಕೆಂಪು ಕಂಡ್ರ ನಿಂದರತೈತಿ."

ಡಯೋಡಿನ ಬಣ್ಣ ಬದಲಾಗುವುದಿಲ್ಲ, ಆದರೆ ಒಂದು ಡಯೋಡು ಆರಿಸಿ ಇನ್ನೊಂದು ಹಚ್ಚಬಹುದು. ಕೆಂಪು ಆರಿಸಿ ಹಸಿರು ಹಚ್ಚಿದೆ. ಕುದುರೆ ನಡೆಯಿತು. ಕುದುರೆಗೆ ಕೆಂಪು ಹಸಿರು ನಿಜಕ್ಕೂ ತಿಳಿಯುತ್ತದೆಯೋ, ಅದಕ್ಕೆ ಅಷ್ಟರಲ್ಲಿ ದಣಿವು ಆರಿತ್ತೋ, ನನಗೆ ಗೊತ್ತಿಲ್ಲ. ಆದರೆ ವರನ ಗೆಳೆಯರು ನೋಡಿಬಿಟ್ಟರು.

ಅಲ್ಲಿಂದ ಶುರುವಾಯಿತು. ಅವರಿಗೆ ಇನ್ನೂ ಕುಣಿಯಬೇಕು. ಒಬ್ಬ ಬಂದು ಕಿವಿಯಲ್ಲಿ, "ಕಾಕಾ, ಕೆಂಪ ಹಾಕು," ಎನ್ನುತ್ತಾನೆ. ಕುದುರೆ ನಿಲ್ಲುತ್ತದೆ. ಇವರು ಕುಣಿಯುತ್ತಾರೆ. ಹುಡುಗಿಯ ಕಡೆಯ ಹಿರಿಯರು ಬಂದು, "ಮುಹೂರ್ತ ಮೀರಾಕತ್ತೈತಿ, ಹಸರ ಹಾಕ್ರಿ," ಎನ್ನುತ್ತಾರೆ. ಕುದುರೆ ನಡೆಯುತ್ತದೆ. ಗೆಳೆಯರು ಮತ್ತೆ ಓಡಿ ಬರುತ್ತಾರೆ. ಪೊಲೀಸರಿಲ್ಲದ ಊರಲ್ಲಿ ಒಬ್ಬನೇ ಟ್ರಾಫಿಕ್ ಪೊಲೀಸನಂತಾದೆ ನಾನು. ತಲೆ ಕೆಟ್ಟು, ಲೈಟಿನ ವೈರು ಕಿತ್ತು ಅಲ್ಲೇ ಬಿಟ್ಟು ನಡೆಯಬೇಕೆನಿಸಿತು. ಜೇಬಿನಿಂದ ಫೋನ್ ತೆಗೆದು ಅಕ್ಕನಿಗೆ ಹಚ್ಚಿದೆ. "ಅಕ್ಕಾ, ನನ್ನ ಕೈಲೆ ಆಗೂದಿಲ್ಲ. ಬಿಡತೀನಿ."

"ಬೇವಿಗೆ ಹೂ ಬಂದೈತೇನು?" ಎಂದಳು ಅಕ್ಕ.

"ಇಲ್ಲ."

"ಹಂಗಾರ ಯುಗಾದಿ ಆಗಿಲ್ಲ. ಫೋನ್ ಇಡು."

ಅಷ್ಟರಲ್ಲಿ ಗೆಳೆಯರು ಮತ್ತೆ ಕೆಂಪು ಹಾಕಿಸಿದರು. ಕುದುರೆ ಕಾರ್ಯಾಲಯದ ಬಾಗಿಲೆದುರೇ ನಿಂತಿತು. ಒಳಗಿನಿಂದ ವಾದ್ಯ ಕೇಳುತ್ತಿತ್ತು. ವರ ಬಾಸಿಂಗ ಸರಿಸಿಕೊಂಡು, ಕುದುರೆ ಮೇಲಿಂದ ನನ್ನತ್ತ ಬಾಗಿ, ಯಾರಿಗೂ ಕೇಳದಂತೆ ಅಂದ: "ಅಣ್ಣಾರ, ಹಸರ ಹಾಕ್ರಿ. ಇವರದೆಲ್ಲಾ ಲಗ್ನ ಆಗೇತಿ. ನಂದೊಬ್ಬಂದ ಉಳದೈತಿ."

೫. ಕಾಣದ ರಸ್ತೆ

ಇದು ಚಿಕ್ಕದು. ಅಥಣಿ ಕಡೆಯ ಒಂದು ಹಳ್ಳಿಯಲ್ಲಿ ಸಭೆ. ನಾನು ಮೈಕು, ಪರದೆ ಹಚ್ಚಲು ಹೋಗಿದ್ದೆ. ಗುತ್ತಿಗೆದಾರರೊಬ್ಬರು ತಾವು ಮಾಡಿಸಿದ ರಸ್ತೆಗಳ ನಕಾಶೆಯನ್ನು ಪರದೆ ಮೇಲೆ ತೋರಿಸುತ್ತಿದ್ದರು. ರಸ್ತೆಗಳೆಲ್ಲ ಕೆಂಪು ಗೆರೆ. ಅವರ ಕೈಯಲ್ಲಿದ್ದ ಲೇಸರ್ ಕಡ್ಡಿಯ ಚುಕ್ಕೆಯೂ ಕೆಂಪು. ಕೆಂಪಿನ ಮೇಲೆ ಕೆಂಪು ಬಿದ್ದು ಯಾವುದೂ ಕಾಣುತ್ತಿರಲಿಲ್ಲ.

"ಏ, ಮೈಕಿನವಾ, ಇದರ ಬಣ್ಣ ಬದಲಾಗತೈತೇನ ನೋಡಪಾ. ಈ ರಸ್ತಾ ಮಂದಿಗೆ ಕಾಣವಲ್ದು."

ನಾನು ಏಳುವ ಮೊದಲೇ ಹಿಂದೆ ಕುಳಿತಿದ್ದ ಒಬ್ಬ ಅಜ್ಜ ರುಮಾಲು ಸರಿಮಾಡಿಕೊಂಡು ಎದ್ದು ನಿಂತ. "ಬಣ್ಣದ್ದ ತಪ್ಪಲ್ರಿ ಸಾಹೇಬ್ರ. ನಮಗ ಆ ರಸ್ತಾ ಹಗಲಿನಾಗ ಹುಡಕಿದ್ರೂ ಕಂಡಿಲ್ಲ."

೬. ಗಿಳಿಗಳ ಬೀಗತನ

ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಮದುವೆಗಳು ಸ್ವಲ್ಪ ತಣ್ಣಗಾದವು. ಮಾಲೀಕರು ನನ್ನನ್ನು ಕಾಗವಾಡಕ್ಕೆ ಕಳಿಸಿದರು. ಅಲ್ಲಿ ತೋಟಗಳಿಗೆ ಹಕ್ಕಿ ಓಡಿಸುವ ಲೇಸರ್ ಬಂದಿದೆ. ಕಂಬದ ಮೇಲೆ ಕೂತು, ನಸುಕಿನಲ್ಲಿ ಮತ್ತು ಹೊತ್ತು ಮುಳುಗುವಾಗ ಹಸಿರು ಬೆಳಕನ್ನು ಬಳ್ಳಿಗಳ ಮೇಲೆ ಆಡಿಸುತ್ತದೆ. ಏನೋ ಕೋಲು ಬೀಸಿದ ಹಾಗೆ ಅನಿಸಿ ಹಕ್ಕಿ ಹಾರುತ್ತವೆ.

ತೋಟದ ಸಾವಕಾರರು ಜೈನರು. ಬಲೆ ಕಟ್ಟಿದರೆ ಹಕ್ಕಿ ಸಿಕ್ಕಿಕೊಂಡು ಸಾಯುತ್ತವೆ ಎಂದು ಬಲೆ ಕಟ್ಟರು. ಪಟಾಕಿ ಹೊಡೆದರೆ ಗೂಡಿನ ಮರಿ ಹೆದರುತ್ತವೆ ಎಂದು ಪಟಾಕಿ ಹೊಡೆಯರು. ಬೆಳಕು ಯಾರನ್ನೂ ಕೊಲ್ಲುವುದಿಲ್ಲ ಎಂದು ಲೇಸರ್ ತರಿಸಿದ್ದರು. ನಾನು ಹೋದಾಗ ಮುಖ ಸಣ್ಣ ಮಾಡಿಕೊಂಡಿದ್ದರು.

"ಬ್ಯಾರೆ ಹಕ್ಕಿ ಹೋಗ್ಯಾವು. ಗಿಳಿ ಹೋಗವಲ್ವು. ಗಿಳಿ ಹಸರು, ನಿನ್ನ ಬೆಳಕೂ ಹಸರು. ತಮ್ಮ ಬೀಗರು ಬಂದ್ರು ಅಂತ ತಿಳಕೊಂಡ ಇನ್ನಷ್ಟ ಬರಾಕತ್ತಾವು. ಬಣ್ಣ ಬದಲ್ ಮಾಡು."

ಕೈ ಮುಗಿದೆ. ಆಮೇಲೆ ಮಿರಜಿಗೆ ಹೋಗಿ ಕೆಂಪು ಡಯೋಡಿನ ಬೇರೆ ಮಷಿನ್ನು ತಂದು ಕಟ್ಟಿದೆ. ಸಾವಕಾರರು ನಸುಕಿನಲ್ಲೇ ಬಂದು ಬದುವಿನ ಮೇಲೆ ಕುಳಿತರು. ಗಿಳಿಗಳು ಅವತ್ತೂ ಬಂದವು, ಸ್ವಲ್ಪ ತಡವಾಗಿ, ನಿಧಾನಕ್ಕೆ, ಹೊಟ್ಟೆ ತುಂಬಿದವರ ಹಾಗೆ.

"ಇವು ಮೊದ್ಲ ಎಲ್ಲಿ ಹೋಗಿ ಬರತಾವ್ರಿ?" ಎಂದು ಕೇಳಿದೆ.

ಸಾವಕಾರರು ಮನೆಯ ಕಡೆ ಕೈ ಮಾಡಿದರು. ಮಾಳಿಗೆ ಮೇಲೆ ಅವರ ತಾಯಿ, ಬಿಳಿ ಸೀರೆಯ ಆಯಿ, ಜೋಳ ಚೆಲ್ಲುತ್ತಿದ್ದರು. ಸುತ್ತಲೂ ಗಿಳಿಗಳ ಸಂತೆ. "ದಿನಾ ಮುಂಜಾನೆ ಬಸದಿಗೆ ಹೋಗೂಕಿಂತ ಮೊದ್ಲ ಹಾಕತಾಳ. ಊಟಾ ನಮ್ಮವ್ವನ ಕಡೆ, ಹಣ್ಣು ನನ್ನ ಕಡೆ."

"ಆಯಿಗೆ ಒಂದ ಮಾತ ಹೇಳ್ರಲಾ."

"ಹೇಳಿದ್ನಿ. ಅದೂ ಪುಣ್ಯಾನ, ಇದೂ ಪುಣ್ಯಾನ ಅಂದ್ಲು."

ನಾನು ಸಾಮಾನು ಕಟ್ಟಿಕೊಂಡು ಹೊರಟೆ. ಆಯಿ ಮೆಟ್ಟಿಲ ಕೆಳಗೆ ಕಾಯುತ್ತಿದ್ದರು. ಕೈಗೆ ಒಂದು ದ್ರಾಕ್ಷಿ ಗೊಂಚಲು ಕೊಟ್ಟು, ಮಗ ಎಲ್ಲಿದ್ದಾನೆ ಎಂದು ಹಣಿಕಿ ನೋಡಿ, ಮೆಲ್ಲಗೆ ಕೇಳಿದರು: "ಇದರ ಬಣ್ಣ ಬದಲಾಗತೈತೇನಪಾ?"

"ಯಾವ ಬಣ್ಣ ಬೇಕ್ರೀ ಆಯಿ?"

"ಹಕ್ಕಿ ಅಂಜಲಾರದಂಥಾದು. ಮಗಗ ಹೇಳಬ್ಯಾಡ."

೭. ಅನಂತಪುರ

ಬೇವಿಗೆ ಹೂ ಬಂತು. ಯುಗಾದಿ ಮುಗಿಯಿತು. ನಾನು ಅದೇ ಕೆಲಸದಲ್ಲಿದ್ದೆ. ನನಗೇ ನಂಬಿಕೆ ಬರಲಿಲ್ಲ. ಅಕ್ಕ ಹೊಸ ಅಂಗಿ ಹಾಕಿಸಿ, ನನ್ನ ಕೈ ಬಿಡದೆ ಬಸ್ಸಿನಲ್ಲಿ ಕೂಡಿಸಿಕೊಂಡು ಅನಂತಪುರಕ್ಕೆ ಕರೆದುಕೊಂಡು ಹೋದಳು. ನಡುವೆ ಇಳಿದುಬಿಡುತ್ತೇನೆ ಎಂಬ ಹೆದರಿಕೆ ಅವಳಿಗೆ.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಹುಡುಗಿಯ ಅಪ್ಪ ಎದುರಿಗೆ ಕುಳಿತರು. ಅವಳ ತಾಯಿ ಒಗ್ಗರಣೆ ಅವಲಕ್ಕಿ ಇಟ್ಟು, ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಟೀಚರು ಬಂದು ಕುಳಿತಳು. ಅಪ್ಪ ಗಂಟಲು ಸರಿಮಾಡಿಕೊಂಡರು. "ಕರಾರ ಪಾಳಸ್ಯಾನ, ಖರೆ. ಆದ್ರ ಮಾಡೂ ಕೆಲಸ ಎಷ್ಟ ತಿಳದಾನ ಅದನ್ನ ನೋಡಬೇಕು. ನಮಗ ಅದರಾಗ ತಿಳಿಯೂದಿಲ್ಲ. ನೀನ ಏನರೆ ಕೇಳವಾ."

ಟೀಚರು ನನ್ನ ಕಡೆ ನೋಡಿದಳು. "ಲೇಸರ್ ಡಯೋಡಿನ ತರಂಗಾಂತರ ಬದಲಾಗತೈತೇನ್ರಿ?"

"ಅಂದ್ರ?"

"ಬಣ್ಣ ಅಂತ ತಿಳಕೋರಿ."

ನನಗೆ ನಗು ಬಂತು. ಇಡೀ ಚಳಿಗಾಲ ಇದೊಂದೇ ಪಾಠ ಬಾಯಿಪಾಠ ಮಾಡಿದವನು ನಾನು. ಎದೆ ಮುಂದೆ ಮಾಡಿ ಹೇಳಿದೆ: "ಇಲ್ರಿ. ಯಾರ ಕೇಳಿದ್ರೂ ಇಲ್ಲ. ಕೆಂಪಂದ್ರ ಕೆಂಪು, ಹಸರಂದ್ರ ಹಸರು."

ಅಕ್ಕ ಸಮಾಧಾನದಿಂದ ಸೆರಗು ಹೊದ್ದುಕೊಂಡಳು.

"ಬದಲಾಗತೈತ್ರಿ," ಎಂದಳು ಟೀಚರು.

ಅಪ್ಪ ನನ್ನ ಕಡೆ ನೋಡಿದರು. ಅಕ್ಕನೂ ನೋಡಿದಳು. ನಾನು ಅವಲಕ್ಕಿಯ ತಾಟು ಕೆಳಗಿಟ್ಟೆ. ಟೀಚರು ಎದ್ದು ಒಳಗೆ ಹೋಗಿ ಸಾಮಾನು ತಂದಳು. ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಇಟ್ಟುಕೊಂಡಿದ್ದ ಒಂದು ಕೆಂಪು ಡಯೋಡು, ಸೆಲ್ಲು, ಒಂದು ಹಳೆಯ ಸಿಡಿ, ನೀರು ತುಂಬುವ ತಾಮ್ರದ ಚರಗಿ. ಡಯೋಡನ್ನು ಚರಗಿಯ ಹೊಟ್ಟೆಗೆ ಬಿಗಿಯಾಗಿ ಕಟ್ಟಿ ಮೇಜಿನ ಮೇಲಿಟ್ಟಳು. ಎದುರಿಗೆ ಸಿಡಿಯನ್ನು ಪುಸ್ತಕಗಳಿಗೆ ಒರಗಿಸಿ ನಿಲ್ಲಿಸಿದಳು. ಬೆಳಕು ಸಿಡಿಗೆ ಬಡಿದು ಆಚೆ ಗೋಡೆಗೆ ಹೋಗಿ ಒಂದರ ಪಕ್ಕ ಒಂದು ಚುಕ್ಕೆಗಳಾಗಿ ಬಿತ್ತು.

"ನಡುವಿನ ಚುಕ್ಕಿ ಬಿಡ್ರಿ. ಬಾಜೂಕಿನ ಚುಕ್ಕಿ ನೋಡ್ರಿ. ಬಣ್ಣ ಒಂದೀಟ ಬದಲಾದ್ರೂ ಅದು ಜಾಗಾ ಬಿಡತೈತಿ. ನಮ್ಮ ಕಣ್ಣಿಗೆ ಬಣ್ಣದಾಗ ಗೊತ್ತಾಗೂದಿಲ್ಲ, ಜಾಗಾದಾಗ ಗೊತ್ತಾಗತೈತಿ."

ಚರಗಿಗೆ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿದ ಬರ್ಫ ತುಂಬಿದಳು. ಸ್ವಲ್ಪ ಹೊತ್ತು ಕಾದು, ಚುಕ್ಕೆ ಬಿದ್ದ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿದಳು. ಆಮೇಲೆ ಚರಗಿ ಅಲುಗಿಸದೆ ಚಮಚದಿಂದ ಬರ್ಫ ತೆಗೆದು, ಒಲೆ ಮೇಲಿನ ಬಿಸಿನೀರು ಹೊಯ್ದಳು. ನಾವೆಲ್ಲ ಗೋಡೆ ನೋಡುತ್ತ ಕುಳಿತೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಆ ಚುಕ್ಕೆ, ಯಾರೂ ಮುಟ್ಟದೆ, ಬಸ್ಸಿನಲ್ಲಿ ಸರಿದು ಕೂಡುವವರ ಹಾಗೆ, ಮೆಲ್ಲಗೆ ಗುರುತು ಬಿಟ್ಟು ಆಚೆ ಸರಿಯಿತು. ಹೆಬ್ಬೆರಳಿನ ಅಗಲದಷ್ಟು ಸರಿದು ನಿಂತಿತು.

"ಹಂಗಾರ ಇವಗ ತನ್ನ ಕೆಲಸಾನ ಗೊತ್ತಿಲ್ಲ," ಎಂದರು ಅಪ್ಪ. ಅಕ್ಕ ಚೀಲ ಹತ್ತಿರ ಎಳೆದುಕೊಂಡಳು, ಎದ್ದು ಹೋಗುವವರು ಎಳೆದುಕೊಳ್ಳುವಂತೆ.

ನನಗೆ ಅವರಿಬ್ಬರ ಕಡೆ ಲಕ್ಷ್ಯವಿರಲಿಲ್ಲ. ನಾನು ಎದ್ದು ಗೋಡೆ ಹತ್ತಿರ ಹೋಗಿ ಗುರುತಿಗೂ ಚುಕ್ಕೆಗೂ ನಡುವೆ ನನ್ನ ಹೆಬ್ಬೆರಳು ಇಟ್ಟು ನೋಡುತ್ತಿದ್ದೆ. ಇಷ್ಟು ಮಂದಿಗೆ ಕೈ ಮುಗಿದು ಇಲ್ಲ ಎಂದಿದ್ದೆನಲ್ಲ, ಇಲ್ಲೇ ಹೆಬ್ಬೆರಳಿನಷ್ಟು ಇತ್ತು. "ತಣ್ಣಗಾದ್ರ ವಾಪಸ್ ಬರತೈತೇನ್ರಿ?"

"ಬರತೈತಿ."

"ಇನ್ನೊಮ್ಮೆ ತೋರಸ್ರಿ."

ಇನ್ನೊಮ್ಮೆ ತೋರಿಸಿದಳು. ಚುಕ್ಕೆ ಮನೆಗೆ ಬಂದಿತು. ಮತ್ತೆ ಬಿಸಿನೀರು, ಮತ್ತೆ ಆಚೆ ಹೋಯಿತು. ಮತ್ತ ತೋರಸ್ರಿ ಎಂದೆ. ಅವರ ಮನೆಯ ಬರ್ಫ ಮುಗಿದು ಪಕ್ಕದ ಮನೆಯಿಂದ ತರಿಸಿದರು. ನಾನು ಮೇಜಿನ ಪಕ್ಕ ಕುಳಿತು ಚರಗಿ ಅಲುಗದಂತೆ ಹಿಡಿದಿದ್ದೆ, ಟೀಚರು ನೀರು ಹೊಯ್ಯುತ್ತಿದ್ದಳು. ಅಕ್ಕ ಹಿಂದಿನಿಂದ, "ಅಯ್ಯ, ಇವ ಎಷ್ಟ ಹೊತ್ತ ಒಂದ ಜಾಗಾದಾಗ ಕುಂತಾನ ನೋಡ್ರಿ," ಎಂದದ್ದು ಆಮೇಲೆ ಅವಳು ಹೇಳಿ ಗೊತ್ತಾಯಿತು.

ಅಪ್ಪನ ಸಹನೆ ಮುಗಿಯಿತು. "ಆತು ಬಿಡವಾ, ಡಯೋಡಿನ ಮಾತ ಸಾಕು. ಈ ಮನಷಾ ಬದಲಾಗತಾನೋ ಇಲ್ಲೋ ಅದನ್ನ ಹೇಳು. ನಾಳೆ ಮತ್ತ ಕಾಲ ತುರಿಸಿ ಯಾವದರೆ ಟ್ರ್ಯಾಕ್ಟರ್ ಹತ್ತಿ ಹ್ವಾದ್ರ?"

ಟೀಚರು ಸೆರಗಿನಿಂದ ಕೈ ಒರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ, ಗೋಡೆಯ ಗುರುತು ನೋಡುತ್ತ ಹೇಳಿದಳು: "ಹೆಬ್ಬಟ್ಟಿನಷ್ಟ ಬದಲಾಗತಾರ್ರಿ ಅಪ್ಪಾ. ಒಮ್ಮೆ ಬರ್ಫದಾಗ ಇಡಬೇಕು, ಒಮ್ಮೆ ಬಿಸಿನೀರಾಗ ಇಡಬೇಕು. ಅದನ್ನ ನಾ ನೋಡ್ಕೋತೀನಿ."

ಅಪ್ಪ ತೃಪ್ತಿಯಿಂದ ತಲೆ ಆಡಿಸಿ, ಚಹಾದ ಬಟ್ಟಲು ಬಾಯಿಗೆ ಹಿಡಿದರು. ಅಡುಗೆಮನೆಯ ಬಾಗಿಲಲ್ಲಿ ಅಲ್ಲಿಯವರೆಗೆ ತುಟಿ ಬಿಚ್ಚದೆ ನಿಂತಿದ್ದ ತಾಯಿ ಆಗ ಮಗಳಿಗೆ ಹೇಳಿದರು: "ಅಷ್ಟ ನಂಬಕೊಂಡ ಕುಂದ್ರಬ್ಯಾಡವಾ. ನಿಮ್ಮಪ್ಪನ್ನ ನಾ ಲಗ್ನ ಆದಾಗಿಂದ ಬರ್ಫದಾಗೂ ಇಟ್ಟೇನಿ, ಬಿಸಿನೀರಾಗೂ ಇಟ್ಟೇನಿ. ಇನ್ನೂ ಉಗರಿನಷ್ಟೂ ಸರದಿಲ್ಲ."